ಉತ್ತರಕ್ಕೆ ತಲೆಯಿಟ್ಟು ಮಲಗಿದ ಬುದ್ಧ

ನಮ್ಮ ಯಜಮಾನರ ಎಡ ಸೊಂಟದ ಹುಣ್ಣು ಹೋದ ಮಳೆಗಾಲದಿಂದ ಒಣಗಿರಲಿಲ್ಲ. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿವೆ. ಮಾತು ನಿಂತಿದೆ, ಕೂಗು ಮಾತ್ರ ಉಳಿದಿದೆ. ಕೆಂಪಾಪುರದಲ್ಲಿ ನಮ್ಮದು ಒಂದೇ ಕೋಣೆ. ಗೋಡೆಗೆ ಒತ್ತಿ ಮಂಚ, ಎದುರಿಗೆ ಬಾಗಿಲು.

ಆಸ್ಪತ್ರೆಯ ನರ್ಸಮ್ಮ ಬಟ್ಟೆ ಬಿಚ್ಚಿ ನೋಡಿ ಬೈದಳು. "ಅಜ್ಜೀ, ಬಲ ಮಗ್ಗುಲಿಗೆ ಮಲಗ್ಸಿ ಅಂತ ಎಷ್ಟ್ ಸಲ ಹೇಳ್ಲಿ? ಮೂಳೆಗೆ ಇಳಿದ್ರೆ ತಾತ ಉಳಿಯಲ್ಲ."

ಬಲಕ್ಕೆ ತಿರುಗಿಸಿದರೆ ಮುಖ ಗೋಡೆಗೆ ಬರುತ್ತದೆ. ಬೀದಿ ಕಾಣದಿದ್ದರೆ ಈ ಮನುಷ್ಯ ಕೂಗುತ್ತಾರೆ. ಪಕ್ಕದ ಮನೆಯವರು ಗೋಡೆ ಬಡಿದರೂ ನಿಲ್ಲಿಸುವುದಿಲ್ಲ. ಮತ್ತೆ ಹುಣ್ಣಿನ ಮೇಲಕ್ಕೇ ಹೊರಳಿಸುತ್ತಿದ್ದೆ. ನನ್ನ ರಟ್ಟೆಯಲ್ಲೂ ಬಲವಿಲ್ಲ. ದೇವರ ಹತ್ತಿರ ಕೇಳುವುದಕ್ಕೂ ಬೇಸರವಾಗಿತ್ತು.

ಎದುರು ಮನೆ ಜಯಮ್ಮ ಬಂದಳು. "ಬಾರಕ್ಕಾ, ಮಲಗಿರೋ ದೇವ್ರಂತೆ. ಮನೆಯುದ್ದ ಇದಾನಂತೆ. ಟೆಂಪೊ ಹೊರಡ್ತದೆ."

ಮಲಗಿರುವ ದೇವರೆಂದರೆ ನನಗೆ ರಂಗನಾಥನೇ. ಮಗಳು ಸರೋಜಳನ್ನು ಅಪ್ಪನ ಹತ್ತಿರ ಕೂರಿಸಿ, ಕಾಯಿ, ತುಳಸಿ ಹಾರ ತೆಗೆದುಕೊಂಡು ಹತ್ತಿದೆ. ಹೆಬ್ಬಾಳ ದಾಟುವಷ್ಟರಲ್ಲೇ ಸೊಂಟ ಹಿಡಿದುಕೊಂಡಿತು.

ಗೇಟಿನವನು ಚೀಲ ನೋಡಿ, "ಇಲ್ಲಿ ಕಾಯಿ ಒಡಿಯಲ್ಲಮ್ಮಾ, ಇದು ಬುದ್ಧನ ಗುಡಿ" ಎಂದ. ಜಯಮ್ಮನ ಮುಖ ನೋಡಿದೆ.

"ಮಲಗಿದಾನೋ ಇಲ್ವೋ? ಸುಳ್ ಹೇಳಿದ್ನಾ?" ಎಂದಳು.

ಮಲಗಿದ್ದ. ಹಾವಿನ ಹಾಸಿಗೆ ಇಲ್ಲ, ಕಾಲ ಬಳಿ ಲಕ್ಷ್ಮಿ ಇಲ್ಲ. ಕಾಲು ಒತ್ತುವವರೂ ಇಲ್ಲವಲ್ಲ ಇವನಿಗೆ ಅನ್ನಿಸಿತು. ಅಲ್ಲೇ ನೆಲಕ್ಕೆ ಕುಸಿದೆ. "ಆ ಹುಣ್ಣು ಒಣಗಿಸು, ಆಗದಿದ್ದರೆ ಅವರನ್ನು ಬೇಗ ಕರೆದುಕೋ. ನನಗೆ ಸಾಕಾಗಿದೆ" ಎಂದು ಕೇಳಿದೆ. ಬೇರೆ ಏನೂ ಕೇಳಲಿಲ್ಲ.

ಅಲ್ಲಿನ ಭಿಕ್ಷು ನೀರು ತಂದುಕೊಟ್ಟರು. "ಕೊನೆ ಉಸಿರಿನ ಹೊತ್ತಿಗೆ ಬುದ್ಧ ಹೀಗೇ ಮಲಗಿದ್ದರು ಅಮ್ಮಾ. ಬಲ ಮಗ್ಗುಲು, ಉತ್ತರಕ್ಕೆ ತಲೆ."

"ಸಾಯೋಕೆ ಮಲಗಿದೋರ ಮುಖ ಇಂಗಿರ್ತದಾ ಸ್ವಾಮಿ?"

"ಹೆದರಿರಲಿಲ್ಲ, ಅದಕ್ಕೆ."

ಮತ್ತೆ ನೋಡಿದೆ. ಬಲ ಮಗ್ಗುಲಿಗೇ ಮಲಗಿದ್ದಾನೆ, ಮುಖ ಬಾಗಿಲ ಕಡೆಗಿದೆ. ಬಂದು ಹೋಗುವವರೆಲ್ಲ ಅವನಿಗೆ ಕಾಣುತ್ತಾರೆ. ನಮ್ಮ ಮಂಚದಲ್ಲಿ ದಿಂಬು ದಕ್ಷಿಣಕ್ಕಿದೆ. ಅದನ್ನು ಉತ್ತರದ ತುದಿಗೆ ಹಾಕಿದರೆ ಸಾಕು, ಬಲ ಮಗ್ಗುಲಿಗೆ ಮಲಗಿದರೂ ಮುಖ ಬಾಗಿಲಿಗೇ ಬರುತ್ತದೆ ಎಂದು ಆಗ ಹೊಳೆಯಿತು. ಇಷ್ಟು ದಿನ ಹೊಳೆದಿರಲೇ ಇಲ್ಲ. ಹೊಳೆಯುವುದಾದರೂ ಹೇಗೆ? ನಮ್ಮಲ್ಲಿ ಬದುಕಿರುವವರಿಗೆ ಯಾರೂ ಆ ಕಡೆ ತಲೆದಿಂಬು ಇಡುವುದಿಲ್ಲ.

ಮನೆಗೆ ಬಂದು ದಿಂಬು ತೆಗೆದೆ. ಸರೋಜ ಕಿರುಚಿದಳು. "ಅವ್ವಾ, ತಲೆ ಕೆಟ್ಟದಾ? ಉತ್ತರಕ್ಕೆ ಹೆಣ ಮಲಗಿಸ್ತಾರೆ!"

"ಅಷ್ಟ್ ದೊಡ್ಡ ಬುದ್ಧನೇ ಮಲಗವ್ನೆ. ನಿಮ್ಮಪ್ಪ ಏನ್ ಅವನಿಗಿಂತ ಹೆಚ್ಚಾ? ಹಿಡ್ಕೊ ಕಾಲು."

ಅವಳು ಅಳುತ್ತಲೇ ಹಿಡಿದಳು. ಬಲ ಮಗ್ಗುಲಿಗೆ ಹೊರಳಿಸಿದೆವು. ಕೂಗುತ್ತಾರೆಂದು ಕಾದೆ. ಬೀದಿಯಲ್ಲಿ ಹಾಲಿನವನ ಸ್ಕೂಟರ್ ಹೋಯಿತು, ಒಂದು ನಾಯಿ ಹೋಯಿತು. ಅವರು ನೋಡುತ್ತಿದ್ದರು. ನೋಡುತ್ತಲೇ ನಿದ್ದೆ ಹೋದರು.

ಹುಣ್ಣು ನಿಧಾನವಾಗಿ ಒಣಗಿ, ಹೊಸ ಚರ್ಮ ಬಂತು. ನರ್ಸಮ್ಮ ಯಾವ ಮುಲಾಮು ಹಚ್ಚಿದಿರಿ ಎಂದು ಕೇಳಿದಳು. "ಮುಲಾಮು ನೀನ್ ಕೊಟ್ಟಿದ್ದೇ ಕಣಮ್ಮ. ಮಲಗೋದ್ನ ಬುದ್ಧ ಕಲಿಸ್ದ" ಎಂದೆ.

ಅವರು ಎದ್ದು ಓಡಾಡುವುದಿಲ್ಲ, ಅದು ನನಗೆ ಗೊತ್ತು. ನಾನು ಕೇಳಿದ್ದು ಅದಲ್ಲ. ಕೇಳಿದ್ದನ್ನು ಅವನು ಕೊಟ್ಟ. ನಂಬುವವರು ನಂಬಿ. ಈಗ ನಾನೂ ಮಂಚದ ಕೆಳಗೆ ಚಾಪೆ ಹಾಸಿ, ಅದೇ ಮಗ್ಗುಲಿಗೆ, ಉತ್ತರಕ್ಕೇ ತಲೆಯಿಟ್ಟು ಮಲಗುತ್ತೇನೆ. ಹೆದರಿಕೆ ಇಲ್ಲ. ನಿದ್ದೆ ಬರುತ್ತದೆ.