ಕತ್ತರಿ ಮುಟ್ಟದ ಚಂದ್ರಕಾಳಿ

"ಆಯಿ, ನಿನ್ನ ಚಂದ್ರಕಾಳಿ ಸೀರಿಗೆ ಕತ್ತರಿ ಹಾಕ್ಲಿ?"

ಊಟಕ್ಕೆ ಕೂತಾಗ ಮೊಮ್ಮಗಳು ಸವಿತಾ ಹೀಗೆ ಕೇಳಿದರೆ ತುತ್ತು ಇಳಿಯುತ್ತದೆಯೇ? ಅದು ನನ್ನ ಮದುವೆಯ ಕರಿ ರೇಷ್ಮೆ ಸೀರೆ. ನಾನೂ ನಮ್ಮವ್ವನೂ ಎಳೆ ಎಣಿಸಿ ಎಣಿಸಿ ಕಸೂತಿ ಹಾಕಿದ್ದು. ಯಜಮಾನರು ಹೋದ ಮೇಲೆ ಟ್ರಂಕಿನಿಂದ ಹೊರಗೆ ತೆಗೆದಿರಲಿಲ್ಲ.

ಸವಿತಾ ಬೆಳಗಾವಿಯಲ್ಲಿ ಫ್ಯಾಷನ್ ಡಿಸೈನ್ ಕಲಿಯುತ್ತಾಳೆ. ಬೈಲಹೊಂಗಲದ ನಮ್ಮ ಮನೆಗೆ ಬರುವಾಗ ಒಂದು ಫೋಟೋ ತಂದಿದ್ದಳು. ಅರವತ್ತು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಹೊಲಿದ ಗೌನು. ಗ್ರೀಕರ ಹಳೆಯ ಕಲ್ಲಿನ ಮೂರ್ತಿ ನೋಡಿ ಅದರ ನೆರಿಗೆ ಮಾಡಿದ್ದರಂತೆ. ಈಗ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆಯಂತೆ. ಹಾಗೆಯೇ ನಮ್ಮ ಕಡೆಯ ಶಿಲ್ಪ ನೋಡಿ ಒಂದು ಉಡುಪು ಮಾಡಬೇಕು. ಅದೇ ಇವಳ ಪರೀಕ್ಷೆ. ಸವದತ್ತಿ ಕಡೆಯ ಹಳೆ ಗುಡಿಯೊಂದರ ಕಲ್ಲಿನ ಹೆಂಗಸಿನ ಚಿತ್ರವನ್ನೂ ಬರೆದುಕೊಂಡು ಬಂದಿದ್ದಳು.

"ಮುತ್ತೈದಿ ಸೀರಿ ಅದು! ಕೈ ಮುರೀತೇನಿ ನೋಡ" ಅಂದಳು ನನ್ನ ಸೊಸೆ.

"ಟ್ರಂಕಿನ್ಯಾಗ ಹುಳ ತಿಂದ್ರ ನಡೀತೈತೇನ?" ಅಂದಳು ನನ್ನ ಮಗಳು.

ಇಬ್ಬರೂ ನನ್ನ ಮುಖ ನೋಡಿದರು. (ನಾಲ್ಕು ಜನರೆದುರು ಬಾಯಿ ತೆಗೆಯಲು ನನಗೆ ಸಂಕೋಚ. ಧೈರ್ಯವೆಲ್ಲ ಬರೆಯುವಾಗ ಮಾತ್ರ.) ಚಿತ್ರ ಇಸಿದುಕೊಂಡೆ.

"ಈಕಿ ಮೈಮ್ಯಾಲೆ ಹೊಲಿಗಿ ಎಲ್ಲೈತಿ, ತೋರ್ಸು."

ಸವಿತಾ ಹುಡುಕಿದಳು. ಇರಲಿಲ್ಲ. ಒಂದೇ ಉದ್ದನೆಯ ಬಟ್ಟೆ, ಸುತ್ತಿ, ನೆರಿಗೆ ಹಿಡಿದು, ಬಿಗಿದದ್ದು.

"ಮತ್ತ ಕತ್ತರಿ ಯಾಕ? ಏಳು, ಕೈ ತೊಳಕೊ."

ಕೋಣೆಯ ಬಾಗಿಲು ಹಾಕಿ ಅವಳ ಮೈಮೇಲೆಯೇ ಸೀರೆ ಸುತ್ತಿದೆ. ಕಸೂತಿಯ ಗೋಪುರಗಳು ಎದೆಗೆ ಬಂದವು, ತೇರುಗಳು ಕಾಲಿಗೆ. ನೆರಿಗೆ ಜಾರದಂತೆ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ದಾರ ಎಳೆದರೆ ಮತ್ತೆ ಸೀರೆ.

"ಆಯಿ, ಉಸರ ಬಿಡಾಕರ ಬಿಡ!"

"ಫ್ಯಾಷನ್ ಬೇಕಿಲ್ಲೇನ? ತಡಿ."

ಪರೀಕ್ಷೆಯ ದಿನ ಮೇಡಂ ಸೆರಗು ತಿರುವಿ ಕಸೂತಿಯ ಗಂಟು ಹುಡುಕಿದರಂತೆ. ನಮ್ಮ ಗವಂತಿ ಹೊಲಿಗೆಗೆ ಗಂಟೇ ಇಲ್ಲ, ಹಿಂದೆ ಮುಂದೆ ಒಂದೇ. "ಭಾಳ ಚಂದ" ಅಂದರಂತೆ. ಆಮೇಲೆ ಮಾರ್ಕ್ಸ್ ಹಾಳೆ ನೋಡಿ, "ಕಟಿಂಗಿಗೆ ಏನ್ ಕೊಡ್ಲಿ? ನೀ ಕಟ್ ಮಾಡೇ ಇಲ್ಲಲ್ಲ" ಎಂದು ಸೊನ್ನೆ ಹಾಕಿದರಂತೆ.

ಸವಿತಾ ಪಾಸಾದಳು, ಫಸ್ಟ್ ಕ್ಲಾಸ್ ತಪ್ಪಿತು. "ಎಲ್ಲಾ ನಿನ್ನಿಂದ!" ಎಂದು ನನ್ನ ಮೇಲೆ ಹರಿಹಾಯ್ದಳು. ಆಮೇಲೆ ತಾನೇ ಕೂತು ದಾರ ಬಿಚ್ಚಿದಳು. ಮೊನ್ನೆ ಭಾನುವಾರ ಆ ಸೀರೆ ನಾನುಟ್ಟೆ. ಸೊಸೆ ಒಮ್ಮೆ ನೋಡಿದಳು, ನೆರಿಗೆ ಸರಿಮಾಡಿದಳು.

ಇದನ್ನು ಓದುವ ಮಕ್ಕಳೇ, ನಾನು ಹಳ್ಳಿ ಸಾಲಿಯಲ್ಲಿ ಕಲಿತವಳು, ಗೊತ್ತಾಗದೆ ಕೇಳುತ್ತೇನೆ: ಕತ್ತರಿಸಿದ್ದಕ್ಕೆ ಮಾರ್ಕ್ಸ್ ಇದೆ, ಕತ್ತರಿಸದೆ ಉಳಿಸಿದ್ದಕ್ಕೆ ಯಾವ ಕಾಲಮ್ಮಿನಲ್ಲಿ ಕೊಡುತ್ತಾರೆ?