ಅವನು ಬಡಿದ ರೊಟ್ಟಿ

ಕಳೆದ ಬೇಸಿಗೆಯಲ್ಲಿ ನಮ್ಮ ಮಗ ಬಸವರಾಜ ಮನೆಯ ಕೊಡದ ನೀರು ಕುಡಿಯುವುದನ್ನು ಬಿಟ್ಟ. ವಯಸ್ಸು ಇಪ್ಪತ್ತಾರು. ಶಿರಗುಪ್ಪಿಯ ಶಾಲೆಯಲ್ಲಿ ಮಾಸ್ತರ. ಬಿಸಿಲಿಗೆ ತಲೆ ಕಾದಿರಬೇಕು ಎಂದುಕೊಂಡೆ. ಆಮೇಲೆ ಶಾಲೆಗೆ ಹೋಗುವುದನ್ನೂ ಬಿಟ್ಟ. ಒಂದು ದಿನ ಊಟದ ತಾಟು ಸರಿಸಿದ.

"ಇದರಾಗ ವಿಷ ಐತಿ."

ಅವನ ತಾಯಿ ಶಾಂತವ್ವ ಅದೇ ತಾಟಿನಿಂದ ಒಂದು ತುತ್ತು ತಿಂದು ತೋರಿಸಿದಳು. ನಂಬಲಿಲ್ಲ.

ಧಾರವಾಡದ ಡಾಕ್ಟರರು ರೋಗದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದರು. ಈಗಲೇ ಅಡ್ಮಿಟ್ ಬೇಡ, ಹೊಸ ಗುಳಿಗೆ ಬಂದಿವೆ, ಮನೆಯಲ್ಲೇ ಕೊಡಿ ಎಂದರು. ಅನ್ನವನ್ನೇ ಮುಟ್ಟದವನು ಗುಳಿಗೆ ನುಂಗುತ್ತಾನೆಯೇ? ಶಾಂತವ್ವ ಅದನ್ನು ಅರೆದು ಶೇಂಗಾ ಚಟ್ನಿಯಲ್ಲಿ ಬೆರೆಸಿದಳು. ಕಹಿ ಗೊತ್ತಾಗದಿರಲೆಂದು ಖಾರ ಜಾಸ್ತಿ ಹಾಕಿದಳು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಔಷಧ ಕೊಡುವುದೇ ಹಾಗೆ. ಈ ಮಗ ಇಪ್ಪತ್ತಾರರವನು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅವಳು ಬೇಡಿಕೊಂಡಿದ್ದಕ್ಕೆ ಒಂದೇ ತುತ್ತು ಬಾಯಿಗಿಟ್ಟ. ಉಗುಳಿದ.

"ನಾ ಹೇಳಿದ್ದು ಖರೇ ಆತಲ್ಲ, ಯವ್ವಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರವಾಗುತ್ತಿತ್ತು.

"ಕದ್ದು ಕೊಡಬ್ಯಾಡ್ರಿ, ಹೇಳಿ ಕೊಡ್ರಿ" ಎಂದರು ಡಾಕ್ಟರರು. ಅಂದಿನಿಂದ ಗುಳಿಗೆಯನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿಯತೊಡಗಿದೆ. ತೆಗೆದುಕೊಳ್ಳಲಿಲ್ಲ. ಆದರೆ ಒಲೆಯ ಮುಂದೆ ಬಂದು ಕೂತ. ಹಿಟ್ಟು ನಾದುವಾಗಿನಿಂದ ಹಂಚಿನಿಂದ ತೆಗೆಯುವವರೆಗೆ ಕಣ್ಣಾರೆ ನೋಡಿದ ರೊಟ್ಟಿಯನ್ನಷ್ಟೇ ತಿನ್ನುತ್ತಿದ್ದ, ಪಲ್ಯವಿಲ್ಲದೆ, ಚಟ್ನಿಯಿಲ್ಲದೆ. ಶಾಂತವ್ವ ಬಳೆ ಮೇಲೆ ಸರಿಸಿ, ಎರಡೂ ಅಂಗೈ ತೋರಿಸಿ ರೊಟ್ಟಿ ಬಡಿಯುತ್ತಿದ್ದಳು. ಮುಂಬಯಿ ರಾಜ್ಯದ ಕಾಲದ ಕಾಗದಪತ್ರಗಳನ್ನು, ನಮ್ಮ ಜಿಲ್ಲೆ ಹೊಸದಾಗಿ ಸೇರಿದ ಮೈಸೂರು ರಾಜ್ಯದ ಪದ್ಧತಿಗೆ ತರುವ ಕೆಲಸ ರಾಶಿ ಬಿದ್ದಿದ್ದರೂ ನಾನು ಕಚೇರಿಗೆ ತಡವಾಗಿ ಹೋಗುತ್ತಿದ್ದೆ. ನಾವಿರುವ ಬೆಂಗೇರಿಯ ನೆರೆಯವರು ಮನೆಗೆ ಬರುವುದು ಕಡಿಮೆಯಾಯಿತು. ಅದೊಂದು ಅನುಕೂಲವೇ ಆಯಿತೆನ್ನಿ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅವನೇ ಹಿಟ್ಟಿಗೆ ಕೈ ಹಾಕಿದ. ಬಡಿದ ರೊಟ್ಟಿ ಒಂದು ಕಡೆ ಹರಿದಿತ್ತು, ಇನ್ನೊಂದು ಕಡೆ ಸೀದಿತ್ತು. ತಂದು ನನ್ನ ಮುಂದಿಟ್ಟ.

"ಮೊದಲ ನೀವು ತಿನ್ರಿ, ಅಪ್ಪಾ."

ನನ್ನ ಕೈ ತಡೆಯಿತು.

ಹಿಟ್ಟಿನಲ್ಲಿ ಏನು ಸೇರಿಸಿದ್ದಾನೋ ಎಂಬ ಅನುಮಾನ. ಅವನು ನೋಡುತ್ತಲೇ ಇದ್ದ. ಇಷ್ಟು ತಿಂಗಳು ಪ್ರತಿ ಊಟಕ್ಕೂ ಅವನು ಎಂಥ ಹೆದರಿಕೆಯಲ್ಲಿ ಕೂತಿದ್ದನೆಂಬುದು ನನಗೆ ಆಗ ತಿಳಿಯಿತು. ಮುರಿದು ತಿಂದೆ.

"ಛಲೋ ಆಗೇತಿ."

"ಸುಳ್ಳ ಹೇಳಬ್ಯಾಡ್ರಿ. ಹಸಿ ಐತಿ."

"ಹೌದು, ಹಸಿ ಐತಿ" ಎಂದೆ. ಅವನು ಕೈ ಚಾಚಿದ.

"ಗುಳಗಿ ಕೊಡ್ರಿ."

ಈಗಲೂ ಕೆಲವು ದಿನ ಬೇಡವೆನ್ನುತ್ತಾನೆ. ಶಾಲೆಯ ಮಾತನ್ನು ನಾವು ಎತ್ತುವುದಿಲ್ಲ. ಮುಂಜಾನೆಯ ಮೊದಲ ರೊಟ್ಟಿ ಅವನದು, ಮೊದಲ ತುತ್ತು ನನ್ನದು. ಹಸಿ ಇದ್ದ ದಿನ ಹಸಿ ಅಂತಲೇ ಹೇಳುತ್ತೇನೆ.