ಎರಡನೇ ಸಹಿ

೨೦೨೪ರ ಜೂನ್‌ನಲ್ಲಿ ನಾನು ಪರೇಲ್‌ನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿಗೆ ಎರಡನೇ ಬಾರಿ ಕೆಲಸಕ್ಕೆ ಸೇರಿದೆ. ಮೊದಲ ಬಾರಿ ಸೇರಿದ್ದು ಬಿ.ಎಸ್ಸಿ. ಪದವಿಯ ನಂತರ ಎರಡು ವರ್ಷದ ಎಎನ್‌ಎಂ ಕೋರ್ಸ್ ಮುಗಿಸಿ. ಎಎನ್‌ಎಂ ಎಂದರೆ ಸಹಾಯಕ ದರ್ಜೆಯ ನರ್ಸ್. ಮೂರು ವರ್ಷ ಕೆಲಸ ಮಾಡಿ, ಬಿಟ್ಟು, ಮತ್ತೆ ಮೂರು ವರ್ಷ ಓದಿ ಜಿಎನ್‌ಎಂ ಎಂಬ ಪೂರ್ಣ ದರ್ಜೆಯ ನರ್ಸಿಂಗ್ ಡಿಪ್ಲೊಮಾ ಮುಗಿಸಿದೆ. ಅದನ್ನು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರಿಗೆ ರಿಜಿಸ್ಟರ್ಡ್ ನರ್ಸ್ ಎಂಬ ಪರವಾನಗಿ ಸಿಗುತ್ತದೆ. ಹುದ್ದೆಯ ಹೆಸರು ಸ್ಟಾಫ್ ನರ್ಸ್ ಎಂದಾಗುತ್ತದೆ, ಸಂಬಳದ ದರ್ಜೆಯೂ ಬದಲಾಗುತ್ತದೆ.

ನನ್ನ ಪ್ರಮಾಣಪತ್ರ ಬಂದದ್ದು ಆಗಸ್ಟ್ ಕೊನೆಗೆ. ಎಚ್ಆರ್ ವಿಭಾಗದವರು ಅದರ ಪ್ರತಿ ತೆಗೆದುಕೊಂಡು ಒಂದು ಷರತ್ತು ಹಾಕಿದರು. ಸ್ಟಾಫ್ ನರ್ಸ್ ಕೆಲಸ ಅಂದಿನಿಂದಲೇ, ಸಂಬಳ ಮಾತ್ರ ಮೂರು ತಿಂಗಳ ನಂತರ, ವಾರ್ಡ್ ಇನ್‌ಚಾರ್ಜ್ ಕೊಡುವ ವರದಿ ನೋಡಿ. ವರದಿ ಸರಿಯಿಲ್ಲದಿದ್ದರೆ ಇನ್ನೂ ಆರು ತಿಂಗಳು ಎಎನ್‌ಎಂ ದರ್ಜೆಯ ಹಳೆಯ ಹದಿನೇಳೂವರೆ ಸಾವಿರವೇ.

ನಾನು ಓದುತ್ತಿದ್ದ ಮೂರು ವರ್ಷ ಮನೆ ನಡೆದದ್ದು ಅಪ್ಪನಿಂದ. ನಿವೃತ್ತರಾದ ಮೇಲೂ ಅವರು ಚೆಂಬೂರಿನ ನಮ್ಮ ಮನೆಯಿಂದ ಮಾಹುಲ್ ಕಡೆಯ ಒಂದು ಗೋದಾಮಿಗೆ ಕೆಲಸಕ್ಕೆ ಹೋಗುತ್ತಿದ್ದರು. ಇಡೀ ದಿನ ನಿಂತು ಮಾಡುವ ಕೆಲಸ. ಸಂಜೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರುತ್ತಿದ್ದರು. ನನ್ನ ಹೊಸ ಸಂಬಳ ಬಂದ ತಿಂಗಳು ಆ ಕೆಲಸ ಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವರು ಒತ್ತಾಯಿಸುವವರಲ್ಲ. ವಾರಕ್ಕೊಮ್ಮೆ ತಮ್ಮ ಧಾರವಾಡದ ಮಾತಿನಲ್ಲಿ, "ನಿಮ್ಮ ಆಫೀಸ್‌ನವ್ರು ಏನರೆ ಅಂದ್ರೇನವಾ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲಪ್ಪಾ" ಎಂದರೆ ಟಿವಿಯ ಧ್ವನಿ ಸ್ವಲ್ಪ ಹೆಚ್ಚಿಸುತ್ತಿದ್ದರು.

ನಮ್ಮ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆಗಳಿದ್ದವು. ಇನ್‌ಚಾರ್ಜ್ ಪ್ರೇಮಾ ಸಿಸ್ಟರ್ ಉಡುಪಿ ಕಡೆಯವರು. ನಾನೂ ಕನ್ನಡದವಳಾದ್ದರಿಂದ ನನ್ನನ್ನು ಬೈಯುವಾಗ ಅವರು ಹಿಂದಿಯ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಹಗಲಿನ ಪಾಳಿಯಲ್ಲಿ ನಮ್ಮಿಬ್ಬರ ಜೊತೆಗೆ ಶೈಲಾತಾಯಿ ಇರುತ್ತಿದ್ದರು; ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಇಪ್ಪತ್ತೆರಡು ವರ್ಷಗಳಿಂದ ಅಲ್ಲೇ ಎಎನ್‌ಎಂ. ನಾನು ಮೊದಲ ಬಾರಿ ಬಂದಾಗ ನನಗೆ ಸಿರಿಂಜ್ ಹಿಡಿಯಲು ಕಲಿಸಿದವರು.

ಇನ್ಸುಲಿನ್‌ನಂಥ ಅಪಾಯದ ಔಷಧಗಳಿಗೆ ಡಬಲ್ ಚೆಕ್ ಎಂಬ ನಿಯಮವಿದೆ. ಒಬ್ಬರು ಸಿರಿಂಜಿಗೆ ಎಳೆದದ್ದನ್ನು ಇನ್ನೊಬ್ಬರು ಬಾಟಲಿ, ಪ್ರಮಾಣ, ರೋಗಿಯ ಹೆಸರು ಎಲ್ಲವನ್ನೂ ನೋಡಿದ ಮೇಲೆಯೇ ಚುಚ್ಚಬೇಕು. ರಿಜಿಸ್ಟರಿನಲ್ಲಿ ಎರಡು ಸಹಿ. ನಮ್ಮ ಆಸ್ಪತ್ರೆಯಲ್ಲಿ ಎರಡೂ ರಿಜಿಸ್ಟರ್ಡ್ ನರ್ಸ್‌ಗಳದ್ದೇ ಆಗಿರಬೇಕಿತ್ತು. ನಡೆಯುತ್ತಿದ್ದದ್ದು ಬೇರೆ. ಊಟದ ಟ್ರಾಲಿ ಬರುವ ಮುಂಚೆ ಶೈಲಾತಾಯಿ ಒಬ್ಬರೇ ಎಲ್ಲರಿಗೂ ಇನ್ಸುಲಿನ್ ಕೊಟ್ಟು ಮುಗಿಸುತ್ತಿದ್ದರು. ಎರಡು ಗಂಟೆಗೆ ಪಾಳಿ ಬದಲಾಗುವಾಗ ರಿಜಿಸ್ಟರ್ ಚಹಾ ಲೋಟಗಳ ನಡುವೆ ತಿರುಗಿ ಸಹಿಗಳು ತುಂಬುತ್ತಿದ್ದವು. ಎಎನ್‌ಎಂ ಆಗಿದ್ದಾಗ ನಾನೂ ಹಾಗೇ ಕೊಟ್ಟಿದ್ದೆ. ಅದರ ಎದುರು ಯಾರ ಸಹಿ ಬೀಳುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ಪ್ರಮಾಣಪತ್ರ ಬಂದ ವಾರ ಆ ರಿಜಿಸ್ಟರ್ ನನ್ನ ಮುಂದೆ ಬಂತು.

"ಒಂಬತ್ತು ಕಡೆ ಉಂಟು. ಬೇಗ ಹಾಕಿ ಬಿಡು ಮಾರಾಯ್ತಿ, ನನಗೆ ಬಸ್ಸುಂಟು" ಎಂದರು ಪ್ರೇಮಾ ಸಿಸ್ಟರ್.

ನಾನು ಕಣ್ಣಾರೆ ನೋಡಿದ್ದು ನಾಲ್ಕು. ನಾಲ್ಕಕ್ಕೆ ಸಹಿ ಹಾಕಿ ಹಿಂತಿರುಗಿಸಿದೆ.

"ಉಳಿದ ಐದು?"

"ಅವು ನಾನು ನೋಡಿಲ್ಲ ಸಿಸ್ಟರ್."

"ಶೈಲಾ ಕೊಟ್ಟದ್ದು. ಇಷ್ಟು ವರ್ಷದಲ್ಲಿ ಅವಳು ಒಂದು ಸಲ ತಪ್ಪಿದ್ದುಂಟಾ?"

"ಇಲ್ಲ."

"ಮತ್ತೆಂತ? ನಿನ್ನ ರಿಪೋರ್ಟ್ ಬರೆಯುವುದು ನಾನೇ, ಗೊತ್ತುಂಟಲ್ಲ?" ಅವರು ಅದನ್ನು ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ನೆನಪಿಸಿದರು, ಅಷ್ಟೇ.

ಶೈಲಾತಾಯಿ ಪಕ್ಕದಲ್ಲೇ ಇದ್ದರು. "ತುಲಾ ಸಿರಿಂಜ್ ಧರಾಯಲಾ ಕೋಣೀ ಶಿಕವಲಂ?" ಎಂದಷ್ಟೇ ಕೇಳಿದರು. ನನಗೆ ಸಿರಿಂಜ್ ಹಿಡಿಯಲು ಕಲಿಸಿದ್ದು ಯಾರು ಎಂದು. ಉತ್ತರ ಮೂವರಿಗೂ ಗೊತ್ತಿತ್ತು. ಮರುದಿನದಿಂದ ಅವರು ನನ್ನನ್ನು "ಮೇಡಂ" ಎಂದು ಕರೆಯತೊಡಗಿದರು. ನಂತರ ಅದನ್ನೂ ನಿಲ್ಲಿಸಿದರು.

ನಾನು ಹನ್ನೊಂದೂವರೆಗೇ ಟ್ರೇ ಹಿಡಿದು ಅವರ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ಹೋಗಲು ಶುರುಮಾಡಿದೆ. ಕೆಲಸ ನಿಧಾನವಾಯಿತು. ದಾಲ್ ಆರಿಹೋಯಿತೆಂದು ರೋಗಿಗಳ ಕಡೆಯವರು ಗೊಣಗಿದರು. ಹೊಸ ರೋಗಿ ಬಂದು ನಾನು ಹೋಗಲಾಗದ ದಿನ ರಿಜಿಸ್ಟರಿನಲ್ಲಿ ಖಾಲಿ ಜಾಗ ಉಳಿಯುತ್ತಿತ್ತು. ಪ್ರೇಮಾ ಸಿಸ್ಟರ್ ಆ ಜಾಗಗಳನ್ನು ನೋಡಿ ಪುಟ ತಿರುಗಿಸುತ್ತಿದ್ದರು. ನಾನು ಸರಿ ಎಂಬ ವಿಶ್ವಾಸ ನನಗೆ ಗಟ್ಟಿಯಾಗಿಯೇ ಇತ್ತು. ಈಗ ಯೋಚಿಸಿದರೆ, ಅಗತ್ಯಕ್ಕಿಂತ ಗಟ್ಟಿಯಾಗಿತ್ತು.

ಇಲ್ಲಿ ಒಂದು ವಿವರ ಹೇಳಬೇಕು. ಇನ್ಸುಲಿನ್ ಬಾಟಲಿಗಳು ಎರಡು ಬಗೆಯವು. ಒಂದರಲ್ಲಿ ಪ್ರತಿ ಎಂಎಲ್‌ಗೆ ನಲವತ್ತು ಯೂನಿಟ್, ಇನ್ನೊಂದರಲ್ಲಿ ನೂರು. ನಲವತ್ತರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ನೂರರದ್ದಕ್ಕೆ ಕಿತ್ತಳೆ ಬಣ್ಣದ್ದು. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ನಮ್ಮ ವಾರ್ಡಿನ ದಾಸ್ತಾನಿನಲ್ಲಿ ಇದ್ದದ್ದು ನಲವತ್ತರದ್ದು ಮಾತ್ರ.

ಅಕ್ಟೋಬರ್‌ನ ಒಂದು ಮಧ್ಯಾಹ್ನ ನಾನೇ ಔಷಧ ಎಳೆಯುತ್ತಿದ್ದೆ. ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ವಯಸ್ಸಾದ ಟೇಲರ್ ಇದ್ದರು. ಅವರಿಗೆ ಹತ್ತು ಯೂನಿಟ್. ಅವರ ಮಗಳು ಮನೆಯಿಂದ ತಂದ ಬಾಟಲಿ ಟ್ರೇಯಲ್ಲಿತ್ತು. ರೂಢಿಯಂತೆ ಕೆಂಪು ಮುಚ್ಚಳ ತೆಗೆದು ಹತ್ತರ ಗೆರೆಯವರೆಗೆ ಎಳೆದೆ. ಶೈಲಾತಾಯಿ ಟ್ರೇ ಹಿಡಿದು ನಿಂತಿದ್ದರು.

"ಬಾಟಲೀ ಬಘಿತಲೀಸ್ ಕಾ? ಶಂಭರಚೀ ಆಹೇ."

ಬಾಟಲಿ ನೋಡಿದೆಯಾ, ಇದು ನೂರರದ್ದು. ಹನ್ನೆರಡು ದಿನಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಚುಚ್ಚಿದ್ದರೆ ಹತ್ತರ ಬದಲು ಇಪ್ಪತ್ತೈದು ಯೂನಿಟ್ ಹೋಗುತ್ತಿತ್ತು. ರೋಗಿಗೆ ಪ್ರಜ್ಞೆ ತಪ್ಪಬಹುದಿತ್ತು, ಅದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಟೇಲರ್ ಅಂಗಿಯ ತೋಳು ಏರಿಸಿಕೊಂಡು ಕಾಯುತ್ತಿದ್ದರು. ನಾನು ಸಿರಿಂಜ್ ಎಸೆದು, ಕಿತ್ತಳೆ ಮುಚ್ಚಳದ ಹೊಸದು ತೆಗೆದು, ಶೈಲಾತಾಯಿಗೆ ತೋರಿಸಿ ಕೊಟ್ಟೆ.

ಕಾರಿಡಾರಿಗೆ ಬಂದ ಮೇಲೆ ಅವರೇ, "ಛೋಡ್ ನಾ. ದಿಯಾ ತೋ ನಹೀಂ" ಎಂದರು. ಕೊಟ್ಟಿಲ್ಲವಲ್ಲ, ಬಿಡು ಎಂದು. ಅವರು ಯಾರಿಗೂ ಹೇಳುವವರಲ್ಲ. ವರದಿಗೆ ಇನ್ನೊಂದು ತಿಂಗಳಿತ್ತು.

ಆಸ್ಪತ್ರೆಯಲ್ಲಿ ನಿಯರ್ ಮಿಸ್ ಫಾರ್ಮ್ ಎಂಬ ಒಂದು ಹಾಳೆ ಇರುತ್ತದೆ. ತಪ್ಪು ರೋಗಿಯನ್ನು ತಲುಪುವ ಮುಂಚೆ ತಡೆದದ್ದನ್ನು ಅದರಲ್ಲಿ ಬರೆಯಬೇಕು. ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಊಟದ ಕೋಣೆಯಲ್ಲಿ ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂತಾಗ ಅಪ್ಪನ ಮೊಣಕಾಲು ನೆನಪಿಗೆ ಬಂತು. ಸಹಿ ಹಾಕದೆ ಬಿಟ್ಟ ಆ ಐದು ಜಾಗಗಳೂ ನೆನಪಿಗೆ ಬಂದವು. ಇದನ್ನು ಬರೆಯದಿದ್ದರೆ ಅವುಗಳಿಗೆ ಅರ್ಥವಿರಲಿಲ್ಲ. ತಪ್ಪು ಮಾಡಿದವರು ಎಂಬಲ್ಲಿ ನನ್ನ ಹೆಸರು ಬರೆದೆ, ಗುರುತಿಸಿದವರು ಎಂಬಲ್ಲಿ ಶೈಲಾತಾಯಿಯದು.

ಪ್ರೇಮಾ ಸಿಸ್ಟರ್ ಅದನ್ನು ಎರಡು ಸಲ ಓದಿದರು. "ನಿನಗೆ ತಲೆ ಸರಿ ಉಂಟಾ? ಹಾಕು ಅಂದಲ್ಲಿ ಸೈನ್ ಹಾಕುದಿಲ್ಲ. ಯಾರೂ ಕೇಳದಲ್ಲಿ ಹಾಕಿ ತರ್ತಿ."

"ನಡೆದದ್ದು ಅದೇ ಸಿಸ್ಟರ್."

"ಇದು ಎಚ್ಆರ್‌ಗೂ ಹೋಗ್ತದೆ."

"ಹೋಗಲಿ."

ಅವರು ಫಾರ್ಮನ್ನು ಮಡಚದೆ ಫೈಲಿಗೆ ಸೇರಿಸಿದರು.

ನವೆಂಬರ್ ಕೊನೆಯಲ್ಲಿ ಎಚ್ಆರ್ ಕೋಣೆಗೆ ಕರೆ ಬಂತು. ಮೇಜಿನ ಆಚೆ ಜೋಗೇಶ್ವರಿಯಿಂದ ಬರುವ ನನ್ನದೇ ವಯಸ್ಸಿನ ಅಧಿಕಾರಿ, ಈಚೆ ಪ್ರೇಮಾ ಸಿಸ್ಟರ್ ಮತ್ತು ನಾನು. ವರದಿಯಲ್ಲಿ ಇದ್ದದ್ದು ಮೂರು ಸಾಲು. ಕೆಲಸದಲ್ಲಿ ನಿಧಾನ. ನೋಡದ್ದಕ್ಕೆ ಸಹಿ ಹಾಕುವುದಿಲ್ಲ. ತನ್ನ ತಪ್ಪನ್ನು ತಾನೇ ಬರೆದು ಕೊಟ್ಟಿದ್ದಾಳೆ.

ಅಧಿಕಾರಿ ತಲೆಯೆತ್ತಿ, "ಸಿಸ್ಟರ್, ಯೇ ಕಂಪ್ಲೇಂಟ್ ಹೈ ಯಾ ತಾರೀಫ್?" ಎಂದ. ದೂರೋ, ಹೊಗಳಿಕೆಯೋ?

"ದೋನೋಂ" ಎಂದರು ಪ್ರೇಮಾ ಸಿಸ್ಟರ್. ಎರಡೂ. "ಗ್ರೇಡ್ ದೇ ದೋ" ಎಂದೂ ಸೇರಿಸಿದರು, ದರ್ಜೆ ಕೊಟ್ಟುಬಿಡಿ ಎಂದು.

ಡಿಸೆಂಬರ್‌ನಿಂದ ನನ್ನ ಸಂಬಳ ಇಪ್ಪತ್ತೈದು ಸಾವಿರವಾಯಿತು. ಶೈಲಾತಾಯಿಯದು ಬದಲಾಗಲಿಲ್ಲ. ನಾನು ಕೇಳಿದ್ದಕ್ಕೆ, ಚೆಕ್ ಮಾಡಿದ ಎಎನ್‌ಎಂ ಹೆಸರನ್ನು ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆಯಬಹುದೆಂದು ಪ್ರೇಮಾ ಸಿಸ್ಟರ್ ಒಪ್ಪಿಗೆ ತಂದುಕೊಟ್ಟರು. ಅದರಿಂದ ಶೈಲಾತಾಯಿಗೆ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಮೊದಲ ದಿನ ಅವರು ಹೆಸರನ್ನು ಮರಾಠಿಯಲ್ಲಿ, ಪೂರ್ತಿಯಾಗಿ, ಕಾಲಮ್ಮಿನ ಹೊರಗೆ ಹೋಗುವಷ್ಟು ದೊಡ್ಡದಾಗಿ ಬರೆದರು.

ಹೊಸ ಸಂಬಳದ ಪತ್ರವನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ಹೊಸಾ ಕೆಲಸ ಏನ ಕೊಟ್ಟಾರ?"

"ಕೆಲಸ ಹಳೇದ ಅಪ್ಪಾ. ಈಗ ಸಹಿ ನಂದು."

"ಬರೇ ಸಹಿಗೆ ಇಷ್ಟ ಕೊಡ್ತಾರ?"

ಅವರು ಮರುತಿಂಗಳು ಗೋದಾಮಿನ ಕೆಲಸ ಬಿಟ್ಟರು. ಅವರ ಊಟದ ಸ್ಟೀಲ್ ಡಬ್ಬಿಯನ್ನು ಈಗ ನಾನು ಒಯ್ಯುತ್ತೇನೆ.

ಅಪ್ಪನ ಪ್ರಶ್ನೆಗೆ ಉತ್ತರ ನನಗೆ ಕೆಲಸದಲ್ಲೇ ಸಿಕ್ಕಿತು. ಪರವಾನಗಿ ಬಂದ ದಿನ, ಇನ್ನೊಬ್ಬರ ಕೆಲಸವನ್ನು ಪರೀಕ್ಷಿಸುವ ಅಧಿಕಾರ ನನಗೆ ಬಂತೆಂದು ತಿಳಿದಿದ್ದೆ. ಸಂಬಳ ಹೆಚ್ಚಿದ್ದು ನನ್ನ ಕೆಲಸವನ್ನೂ ಇನ್ನೊಬ್ಬರ ಕಣ್ಣಿಗೆ ಒಡ್ಡುವುದಕ್ಕೆ ಎಂದು ಕಲಿಸಿದ್ದು ಹನ್ನೊಂದನೇ ಹಾಸಿಗೆ. ಈಗ ನಾನು ಬಾಟಲಿ ಕೈಗೆತ್ತಿಕೊಂಡರೆ ಅದರ ಲೇಬಲನ್ನು ಮೊದಲು ಶೈಲಾತಾಯಿಯ ಕಡೆ ತಿರುಗಿಸುತ್ತೇನೆ. ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ನಾನು ಸಿರಿಂಜ್ ತೆರೆಯುತ್ತೇನೆ.